ಪ್ರೇಕ್ಷಕರಿದ್ದರು, ಮೈದಾನವಿರಲಿಲ್ಲ

ಮಹಿಳೆಯರ ಕ್ರೀಡೆಗೆ ಹೆಚ್ಚಿನ ಹಣ ವಿನಿಯೋಗಿಸಬೇಕೆಂಬ ಪ್ರಸ್ತಾವ ಬಂದಾಗಲೆಲ್ಲ ಅದಕ್ಕೆ ಎದುರಾಗಿ ಒಂದು ವಾದ ತಪ್ಪದೆ ಕೇಳಿಬರುತ್ತದೆ. ಅವರ ಆಟ ನೋಡಲು ಜನ ಬರುವುದಿಲ್ಲ, ಜನ ಬಾರದ ಕಡೆಗೆ ಹಣ ಹರಿಯುವುದಿಲ್ಲ, ಇದು ಮಾರುಕಟ್ಟೆಯ ತೀರ್ಪೇ ಹೊರತು ಯಾರ ಪಕ್ಷಪಾತವೂ ಅಲ್ಲ ಎಂಬುದು ಆ ವಾದದ ತಿರುಳು. ಅರ್ಥಶಾಸ್ತ್ರ ಓದಿದ ನನಗೆ ಈ ತರ್ಕ ಅಪರಿಚಿತವೇನಲ್ಲ. ಆದರೆ ಮಾರುಕಟ್ಟೆ ತೀರ್ಪು ಕೊಡಬೇಕಾದರೆ ಮೊದಲು ಅದರ ಬಾಗಿಲು ಎಲ್ಲರಿಗೂ ತೆರೆದಿರಬೇಕು. ಬಾಗಿಲನ್ನು ಹೊರಗಿನಿಂದ ಮುಚ್ಚಿ, ಒಳಗೆ ಯಾರೂ ಇಲ್ಲವೆಂದು ಘೋಷಿಸುವುದು ಅರ್ಥಶಾಸ್ತ್ರವೂ ಅಲ್ಲ, ನ್ಯಾಯವೂ ಅಲ್ಲ.

ಇದನ್ನು ಮನದಟ್ಟು ಮಾಡಿಕೊಳ್ಳಲು ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ಪ್ರೆಸ್ಟನ್ ಎಂಬ ಕಾರ್ಖಾನೆಗಳ ಪಟ್ಟಣದಲ್ಲಿ 1917ರಲ್ಲಿ ಹುಟ್ಟಿ, 1965ರಲ್ಲಿ ಕಣ್ಮುಚ್ಚಿದ ಒಂದು ಮಹಿಳಾ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯನ್ನು ನೋಡಿದರೆ ಸಾಕು. ಆ ಕ್ಲಬ್ಬಿನ ಹೆಸರು ಡಿಕ್, ಕರ್ ಲೇಡೀಸ್. ನಲವತ್ತೆಂಟು ವರ್ಷಗಳಲ್ಲಿ ಅದು ಆಡಿದ ಪಂದ್ಯಗಳು 828. ಗೆದ್ದದ್ದು 758, ಸಮ ಮಾಡಿಕೊಂಡದ್ದು 46, ಸೋತದ್ದು ಕೇವಲ 24. ಇಂಥ ದಾಖಲೆಯಿರುವ ತಂಡ ಯಾಕೆ ಅಳಿಯಿತು ಎಂಬ ಪ್ರಶ್ನೆಗೆ ಉತ್ತರ ಆಟದ ಬಯಲಿನಲ್ಲಿ ಸಿಗುವುದಿಲ್ಲ. ಲಂಡನ್ನಿನ ಒಂದು ಸಭಾಕೋಣೆಯಲ್ಲಿ ಸಿಗುತ್ತದೆ.

ಕಾರ್ಖಾನೆಯ ಅಂಗಳದಲ್ಲಿ

ಡಿಕ್, ಕರ್ ಎಂಬುದು ಟ್ರಾಮುಗಳನ್ನೂ ರೈಲು ಸಾಮಗ್ರಿಗಳನ್ನೂ ತಯಾರಿಸುತ್ತಿದ್ದ ಕಂಪನಿ. ಒಂದನೇ ಮಹಾಯುದ್ಧ ಆರಂಭವಾದ ಮೇಲೆ ಅದು ಮದ್ದುಗುಂಡು ತಯಾರಿಕೆಗೆ ಇಳಿಯಿತು. ಗಂಡಸರು ರಣರಂಗಕ್ಕೆ ಹೋದಂತೆ ಅವರ ಜಾಗಕ್ಕೆ ಹೆಂಗಸರು ಬಂದರು. ಯುದ್ಧದ ಕೊನೆಯ ಹೊತ್ತಿಗೆ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಹಿಳೆಯರ ಸಂಖ್ಯೆ ಒಂಬತ್ತು ಲಕ್ಷವನ್ನು ಮುಟ್ಟಿತ್ತೆಂದು ಅಂದಾಜು. ದೀರ್ಘ ಪಾಳಿ, ವಿಷಕಾರಿ ರಾಸಾಯನಿಕ, ಸದಾ ಸ್ಫೋಟದ ಭಯ, ಇವುಗಳ ನಡುವೆ ಊಟದ ಬಿಡುವಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ಚೆಂಡು ಒದೆಯುವುದು ಅವರಿಗೆ ದೊರೆತ ಚಿಕ್ಕ ವಿನೋದವಾಗಿತ್ತು. ಕಾರ್ಮಿಕರ ಆರೋಗ್ಯಕ್ಕೆ ಒಳ್ಳೆಯದೆಂದು ಮಾಲೀಕರೂ ಸರ್ಕಾರವೂ ಇದಕ್ಕೆ ಉತ್ತೇಜನ ಕೊಟ್ಟರು. ಬೇರೆ ಕಡೆಗಳಲ್ಲೂ ಇಂಥ ತಂಡಗಳು ಹುಟ್ಟಿದವು. ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಂತೂ ಮದ್ದುಗುಂಡು ಕಾರ್ಖಾನೆಗಳ ಹುಡುಗಿಯರಿಗಾಗಿಯೇ ಒಂದು ಕಪ್ ಪಂದ್ಯಾವಳಿ ನಡೆಯಿತು.

ಪ್ರೆಸ್ಟನ್ನಿನಲ್ಲಿ ಇದಕ್ಕೆ ಆರಂಭ 1917ರ ಶರತ್ಕಾಲದಲ್ಲಿ. ಕಾರ್ಖಾನೆಯ ಪುರುಷರ ತಂಡ ಸೋತು ಬರುತ್ತಿದ್ದಾಗ ಗ್ರೇಸ್ ಸಿಬರ್ಟ್ ಎಂಬ ಕೆಲಸಗಾರ್ತಿ ಅವರನ್ನು ಛೇಡಿಸಿದಳೆಂದೂ, ಹಾಗಾದರೆ ನೀವೇ ಆಡಿ ತೋರಿಸಿ ಎಂದು ಅವರು ಸವಾಲು ಹಾಕಿದರೆಂದೂ ಹೇಳುತ್ತಾರೆ. ಸವಾಲು ತಂಡವಾಯಿತು. ಕಚೇರಿಯಲ್ಲಿ ಕೆಲಸಕ್ಕಿದ್ದ ಆಲ್‌ಫ್ರೆಡ್ ಫ್ರಾಂಕ್‌ಲ್ಯಾಂಡ್ ಅದರ ವ್ಯವಸ್ಥಾಪಕನಾದ. ಆಲಿಸ್ ಕೆಲ್ ನಾಯಕಿಯಾದಳು. ಗಾಯಗೊಂಡ ಸೈನಿಕರ ಆಸ್ಪತ್ರೆಯೊಂದಕ್ಕೆ ಹಣ ಕೂಡಿಸಬೇಕಾಗಿತ್ತು. ಪುರುಷರ ಲೀಗ್ 1915ರಲ್ಲೇ ನಿಂತುಹೋಗಿದ್ದರಿಂದ ಪ್ರೆಸ್ಟನ್ ನಾರ್ತ್ ಎಂಡ್ ಎಂಬ ಹೆಸರಾಂತ ಕ್ಲಬ್ಬಿನ ಡೀಪ್‌ಡೇಲ್ ಮೈದಾನ ಬಾಡಿಗೆಗೆ ಸಿಕ್ಕಿತು. 1917ರ ಕ್ರಿಸ್‌ಮಸ್ ದಿನ ಅಲ್ಲಿ ನಡೆದ ಮೊದಲ ಪಂದ್ಯಕ್ಕೆ ಹತ್ತು ಸಾವಿರ ಜನ ಬಂದರು. ಡಿಕ್, ಕರ್ ಹುಡುಗಿಯರು ನೆರೆಯ ಎರಕದ ಕಾರ್ಖಾನೆಯ ತಂಡವನ್ನು 4-0 ಗೋಲುಗಳಿಂದ ಸೋಲಿಸಿದರು. ಸುಮಾರು 200 ಪೌಂಡ್ ಕೂಡಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಕ್ಲಬ್ಬಿನ ಹುಟ್ಟಿಗೆ ಮೂರು ಸಂಪನ್ಮೂಲಗಳು ಒಟ್ಟಿಗೆ ಕೂಡಿಬಂದದ್ದು. ಒಂದೇ ಸೂರಿನಡಿ ದುಡಿಯುವ ಹರೆಯದ ಹೆಂಗಸರು. ಅವರ ಅಭ್ಯಾಸಕ್ಕೆ ಕಂಪನಿ ಒದಗಿಸಿದ ಬೆಂಬಲ. ಮತ್ತು ಪುರುಷರ ಪಂದ್ಯಗಳಿಲ್ಲದೆ ಬಿಡುವಾಗಿದ್ದ, ಸಾವಿರಾರು ಜನ ನಿಲ್ಲಬಹುದಾದ ಮೈದಾನ. ಪ್ರತಿಭೆ ಎಲ್ಲ ಕಾಲಕ್ಕೂ ಎಲ್ಲ ಊರಲ್ಲೂ ಇರುತ್ತದೆ. ಅದು ಕಣ್ಣಿಗೆ ಕಾಣುವುದು ಇಂಥ ಅನುಕೂಲಗಳು ಕೂಡಿಬಂದಾಗ ಮಾತ್ರ.

ಯುದ್ಧ ಮುಗಿದ ಮೇಲೂ

1918ರ ನವೆಂಬರಿನಲ್ಲಿ ಯುದ್ಧ ಮುಗಿಯಿತು. ಮದ್ದುಗುಂಡು ಕಾರ್ಖಾನೆಗಳಿಂದ ಹೆಂಗಸರನ್ನು ಮನೆಗೆ ಕಳಿಸಲಾಯಿತು. ಯುದ್ಧಪೂರ್ವದ ಉದ್ಯೋಗ ಪದ್ಧತಿಗಳನ್ನು ಮರಳಿ ಜಾರಿಗೆ ತರಲು 1919ರಲ್ಲಿ ಕಾಯಿದೆಯೇ ಆಯಿತು. ಬಹುಪಾಲು ಕಾರ್ಖಾನೆ ತಂಡಗಳು ಕರಗಿಹೋದವು. ಡಿಕ್, ಕರ್ ತಂಡ ಮಾತ್ರ ಬೆಳೆಯಿತು. ಬೇರೆ ಊರುಗಳ ಒಳ್ಳೆಯ ಆಟಗಾರ್ತಿಯರನ್ನು ಫ್ರಾಂಕ್‌ಲ್ಯಾಂಡ್ ಪ್ರೆಸ್ಟನ್ನಿಗೆ ಕರೆತಂದು ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದ. ಹಾಗೆ ಬಂದವರಲ್ಲಿ ಸೇಂಟ್ ಹೆಲೆನ್ಸ್ ಪಟ್ಟಣದ ಲಿಲಿ ಪಾರ್ ಒಬ್ಬಳು. 1905ರಲ್ಲಿ ಹುಟ್ಟಿದ ಆಕೆಗೆ ಆಗಿನ್ನೂ ಹದಿನಾಲ್ಕು ದಾಟಿ ಹದಿನೈದರ ಆಸುಪಾಸು. ಎಡಗಾಲಿನಿಂದ ಆಕೆ ಒದೆಯುತ್ತಿದ್ದ ಚೆಂಡಿನ ವೇಗಕ್ಕೆ ಗೋಲ್‌ಕೀಪರುಗಳು ಹೆದರುತ್ತಿದ್ದರು. ಮುಂದೆ ಮೂರು ದಶಕಗಳಷ್ಟು ಕಾಲ ಆಡಿದ ಆಕೆಯ ಗೋಲುಗಳ ಲೆಕ್ಕ ಸಾವಿರದ ಹತ್ತಿರಕ್ಕೆ ಹೋಗುತ್ತದೆ.

1920 ಈ ಕ್ಲಬ್ಬಿನ ಪಾಲಿಗೆ ಸುಗ್ಗಿಯ ವರ್ಷ. ಫ್ರಾನ್ಸಿನಲ್ಲಿ ಮಹಿಳಾ ಕ್ರೀಡೆಗಾಗಿ ಹೋರಾಡುತ್ತಿದ್ದ ಆಲಿಸ್ ಮಿಲಿಯಾ ಅವರ ನೇತೃತ್ವದಲ್ಲಿ ಫ್ರೆಂಚ್ ತಂಡ ಆ ವರ್ಷದ ವಸಂತದಲ್ಲಿ ಇಂಗ್ಲೆಂಡಿಗೆ ಬಂತು. ಡೀಪ್‌ಡೇಲಿನಲ್ಲಿ ನಡೆದ ಪಂದ್ಯವನ್ನು ಇಪ್ಪತ್ತೈದು ಸಾವಿರ ಜನ ನೋಡಿದರು. ಅದೇ ವರ್ಷ ಡಿಕ್, ಕರ್ ಹುಡುಗಿಯರು ಫ್ರಾನ್ಸಿಗೆ ಹೋಗಿ ಆಡಿ ಬಂದರು. ಡಿಸೆಂಬರ್ 16ರ ರಾತ್ರಿ ಡೀಪ್‌ಡೇಲಿನಲ್ಲಿ ಇನ್ನೊಂದು ವಿಶೇಷ ನಡೆಯಿತು. ಶತ್ರು ವಿಮಾನಗಳನ್ನು ಹುಡುಕಲು ಬಳಸುತ್ತಿದ್ದ ಸೈನ್ಯದ ಸರ್ಚ್‌ಲೈಟುಗಳ ಬೆಳಕಿನಲ್ಲಿ, ಬಿಳಿ ಬಣ್ಣ ಬಳಿದ ಚೆಂಡಿನಿಂದ ಪಂದ್ಯ ಆಡಲಾಯಿತು. ದೀಪಗಳ ಬಳಕೆಗೆ ಅನುಮತಿ ನೀಡಿದವರು ಆಗ ಯುದ್ಧ ಖಾತೆಯ ಸಚಿವರಾಗಿದ್ದ ವಿನ್‌ಸ್ಟನ್ ಚರ್ಚಿಲ್. ಆ ಪಂದ್ಯಕ್ಕೆ ಹನ್ನೆರಡು ಸಾವಿರ ಜನ ಬಂದರು. ಬಂದ ಹಣ ಕೆಲಸವಿಲ್ಲದೆ ಕಂಗೆಟ್ಟಿದ್ದ ಮಾಜಿ ಸೈನಿಕರ ನಿಧಿಗೆ ಹೋಯಿತು.

ಹತ್ತು ದಿನಗಳ ನಂತರ, 1920ರ ಡಿಸೆಂಬರ್ 26ರಂದು, ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಮೈದಾನದಲ್ಲಿ ಸೇಂಟ್ ಹೆಲೆನ್ಸ್ ತಂಡದ ವಿರುದ್ಧ ಪಂದ್ಯ. ಒಳಗೆ ಸೇರಿದವರು 53,000 ಮಂದಿ. ಜಾಗ ಸಾಲದೆ ಹತ್ತು ಸಾವಿರಕ್ಕೂ ಹೆಚ್ಚು ಜನ ಗೇಟಿನಿಂದಲೇ ಹಿಂತಿರುಗಿದರು. ಡಿಕ್, ಕರ್ 4-0 ಅಂತರದಿಂದ ಗೆದ್ದಿತು. ಸಂಗ್ರಹವಾದ ಹಣ 3,115 ಪೌಂಡ್. ಇಂಗ್ಲೆಂಡಿನ ಮಹಿಳಾ ಕ್ಲಬ್‌ಗಳ ಪಂದ್ಯವೊಂದಕ್ಕೆ ಇದಕ್ಕಿಂತ ಹೆಚ್ಚು ಜನ ಸೇರುವುದನ್ನು ಕಾಣಲು ಆ ದೇಶ 2023ರ ಎಫ್‌ಎ ಕಪ್ ಫೈನಲ್‌ವರೆಗೆ, ಅಂದರೆ ನೂರಕ್ಕೂ ಹೆಚ್ಚು ವರ್ಷ, ಕಾಯಬೇಕಾಯಿತು. ನೂರು ವರ್ಷ ಕಾಯಬೇಕಾದದ್ದು ಜನರಿಗೆ ಆಸಕ್ತಿ ಇಲ್ಲದ್ದರಿಂದಲೇ ಎಂಬುದನ್ನು ಓದುಗರು ಮುಂದಿನ ಸಂಗತಿಗಳನ್ನು ನೋಡಿ ತೀರ್ಮಾನಿಸಲಿ.

ಒಂದು ನಿರ್ಣಯದ ಕಥೆ

1921ರಲ್ಲಿ ಈ ತಂಡ ಅರವತ್ತೇಳು ಪಂದ್ಯಗಳನ್ನಾಡಿತು. ಆಟಗಾರ್ತಿಯರೆಲ್ಲ ಪೂರ್ಣಾವಧಿ ಕಾರ್ಮಿಕರು. ಪಾಳಿ ಮುಗಿಸಿ ರೈಲು ಹತ್ತಿ, ಬೇರೆ ಊರಿನಲ್ಲಿ ಆಡಿ, ರಾತ್ರಿಯೇ ಹಿಂತಿರುಗಿ ಮರುದಿನ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುವುದು ಅವರ ಕ್ರಮವಾಗಿತ್ತು. ಬಂದ ಆಹ್ವಾನಗಳಲ್ಲಿ ಎಷ್ಟೋ ಆಹ್ವಾನಗಳನ್ನು ಸಮಯವಿಲ್ಲವೆಂದು ತಿರಸ್ಕರಿಸಬೇಕಾಯಿತು. ದೇಶದಲ್ಲಿ ಆಗ ಸುಮಾರು 150 ಮಹಿಳಾ ತಂಡಗಳಿದ್ದವೆಂದು ಹೇಳಲಾಗುತ್ತದೆ. ಅದೇ ವರ್ಷದ ಏಪ್ರಿಲ್‌ನಿಂದ ಜುಲೈವರೆಗೆ ಕಲ್ಲಿದ್ದಲು ಗಣಿ ಮಾಲೀಕರು ಕೂಲಿ ಕಡಿತ ಒಪ್ಪದ ಕಾರ್ಮಿಕರನ್ನು ಹೊರಗಿಟ್ಟು ಲಾಕೌಟ್ ಘೋಷಿಸಿದ್ದರು. ಗಣಿ ಊರುಗಳ ಹಸಿದ ಕುಟುಂಬಗಳ ನೆರವಿಗಾಗಿ ಮಹಿಳಾ ತಂಡಗಳು ಪಂದ್ಯಗಳನ್ನಾಡಿದವು. ಗಾಯಾಳು ಸೈನಿಕರಿಗೆ ಹಣ ಕೂಡಿಸಿದಾಗ ಮೆಚ್ಚಿದ್ದ ಪ್ರತಿಷ್ಠಿತರಿಗೆ ಗಣಿ ಕಾರ್ಮಿಕರಿಗೆ ಹಣ ಕೂಡಿಸಿದ್ದು ಅಷ್ಟೇ ಹಿತವೆನಿಸಲಿಲ್ಲ ಎಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಅದೇ ಸಮಯದಲ್ಲಿ ಪುರುಷರ ಲೀಗ್ ಮತ್ತೆ ಆರಂಭವಾಗಿ ವಿಸ್ತರಿಸುತ್ತಿತ್ತು. 1920 ಮತ್ತು 1921ರಲ್ಲಿ ಮೂರನೇ ದರ್ಜೆಯ ವಿಭಾಗಗಳು ಸೇರಿಕೊಂಡವು. ಹೊಸದಾಗಿ ಸೇರಿದ ಸಣ್ಣ ಕ್ಲಬ್ಬುಗಳಿಗೆ ಗೇಟಿನ ಹಣವೇ ಜೀವಾಳ.

ಈ ಹಿನ್ನೆಲೆಯಲ್ಲಿ 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ (ಎಫ್‌ಎ) ಲಂಡನ್ನಿನಲ್ಲಿ ಒಂದು ನಿರ್ಣಯ ಅಂಗೀಕರಿಸಿತು. ಫುಟ್‌ಬಾಲ್ ಹೆಂಗಸರಿಗೆ ತಕ್ಕ ಆಟವಲ್ಲ, ಅದನ್ನು ಪ್ರೋತ್ಸಾಹಿಸಬಾರದು ಎಂಬುದು ಅದರ ಮೊದಲ ಭಾಗ. ಪಂದ್ಯಗಳಿಂದ ಬಂದ ಹಣದಲ್ಲಿ ವಿಪರೀತ ಪಾಲು ಖರ್ಚಿಗೆ ಹೋಗಿ, ದಾನಕ್ಕೆ ಸಲ್ಲಬೇಕಾದಷ್ಟು ಸಲ್ಲುತ್ತಿಲ್ಲ ಎಂಬುದು ಎರಡನೆಯ ಭಾಗ. ಆದ್ದರಿಂದ ಸಂಸ್ಥೆಯ ಸದಸ್ಯ ಕ್ಲಬ್ಬುಗಳು ಇಂಥ ಪಂದ್ಯಗಳಿಗೆ ತಮ್ಮ ಮೈದಾನ ಕೊಡಬಾರದೆಂಬುದು ಒಟ್ಟು ಆದೇಶ.

ಸರ್ಕಾರಿ ಸೇವೆಯಲ್ಲಿ ಬಹುಕಾಲ ಕಡತಗಳ ನಡುವೆ ಕಳೆದ ನನ್ನಂಥವರಿಗೆ ಈ ನಿರ್ಣಯದ ರಚನೆ ಬಹಳ ಪರಿಚಿತವೆನಿಸುತ್ತದೆ. ಇದರಲ್ಲಿ ಹೆಂಗಸರು ಫುಟ್‌ಬಾಲ್ ಆಡಬಾರದೆಂಬ ನಿಷೇಧ ಎಲ್ಲಿಯೂ ಇಲ್ಲ. ಹಾಗೆ ನಿಷೇಧಿಸುವ ಅಧಿಕಾರ ಆ ಸಂಸ್ಥೆಗೆ ಇರಲೂ ಇಲ್ಲ. ಅದರ ಕೈಯಲ್ಲಿದ್ದದ್ದು ಮೈದಾನಗಳ ಕೀಲಿಕೈ ಮಾತ್ರ, ಅದನ್ನಷ್ಟೇ ತಿರುಗಿಸಿತು. ಆದರೆ ಐವತ್ತು ಸಾವಿರ ಜನರನ್ನು ಕೂರಿಸಿಯೋ ನಿಲ್ಲಿಸಿಯೋ ಆಟ ತೋರಿಸಬಲ್ಲ, ಸುತ್ತ ಗೋಡೆಯಿದ್ದು ಟಿಕೆಟ್ ಪಡೆದವರನ್ನಷ್ಟೇ ಒಳಬಿಡಬಲ್ಲ ಮೈದಾನಗಳೆಲ್ಲ ಬಹುತೇಕ ಆ ಸಂಸ್ಥೆಯ ಸದಸ್ಯರ ಕೈಯಲ್ಲೇ ಇದ್ದವು. ಅಂಥ ಮೈದಾನವನ್ನು ಮುಚ್ಚಿದರೆ ಬೇರೇನನ್ನೂ ನಿಷೇಧಿಸಬೇಕಾಗಿಲ್ಲ. ಬೇಲಿಯಿಲ್ಲದ ಬಯಲಿನಲ್ಲಿ ಆಡಿದರೆ ನೋಡಲು ಬಂದವರಿಂದ ಹಣ ಪಡೆಯುವುದು ಹೇಗೆ? ಹಣವಿಲ್ಲದೆ ಪ್ರಯಾಣ ಹೇಗೆ? ದಾನಕ್ಕೆ ಕೊಡುವುದು ಏನನ್ನು? ಒಂದು ಕೊಂಡಿ ಕಳಚಿದರೆ ಸರಪಳಿಯೇ ಬಿಚ್ಚಿಕೊಳ್ಳುತ್ತದೆ.

ಹಣದ ಆರೋಪವನ್ನು ಸಂಪೂರ್ಣ ಸುಳ್ಳೆಂದು ತಳ್ಳಿಹಾಕಬೇಕಿಲ್ಲ. ಫ್ರಾಂಕ್‌ಲ್ಯಾಂಡನ ವ್ಯವಹಾರವನ್ನು ಅನುಮಾನದಿಂದ ನೋಡುವ ಇತಿಹಾಸಕಾರರೂ ಇದ್ದಾರೆ. ಆದರೆ ಲೆಕ್ಕದಲ್ಲಿ ದೋಷವಿದ್ದರೆ ಅದಕ್ಕೆ ಮದ್ದು ಲೆಕ್ಕಪರಿಶೋಧನೆ. ತಪ್ಪು ಮಾಡಿದ ಕ್ಲಬ್ಬನ್ನು ಗುರುತಿಸಿ ಅದರ ಮೇಲೆ ಕ್ರಮ ಕೈಗೊಳ್ಳಬಹುದಿತ್ತು. ದೇಶದ ಎಲ್ಲ ಮಹಿಳಾ ತಂಡಗಳಿಗೂ ಒಟ್ಟಾಗಿ ಬಾಗಿಲು ಹಾಕಿದ ಕ್ರಮದಲ್ಲಿ ಲೆಕ್ಕದ ಚಿಂತೆಗಿಂತ ಬೇರೆ ಚಿಂತೆಯೇ ಹೆಚ್ಚಾಗಿತ್ತು ಎನ್ನದೆ ವಿಧಿಯಿಲ್ಲ.

ನಾಯಕಿ ಆಲಿಸ್ ಕೆಲ್ ಈ ಆರೋಪಕ್ಕೆ ಕೊಟ್ಟ ಉತ್ತರ ಅರ್ಥಶಾಸ್ತ್ರದ ಪಾಠದಂತಿದೆ. ಕೂಲಿಯಿಂದಲೇ ಬದುಕುವ ಹುಡುಗಿಯರು ಕೆಲಸ ಬಿಟ್ಟು ಊರೂರು ತಿರುಗಿ ಆಡಿ ನಷ್ಟವನ್ನೂ ತಾವೇ ಭರಿಸಬೇಕೆಂದರೆ ಸಾಧ್ಯವಿಲ್ಲ, ಕಳೆದುಕೊಂಡ ಕೂಲಿಗೆ ಪರಿಹಾರ ಪಡೆದರೆ ತಪ್ಪೇನು, ಯಾರೂ ದಿನಕ್ಕೆ ಹತ್ತು ಶಿಲಿಂಗಿಗಿಂತ ಹೆಚ್ಚು ಪಡೆದಿಲ್ಲ ಎಂಬುದು ಆಕೆಯ ವಾದದ ಸಾರಾಂಶ. ಹತ್ತು ಶಿಲಿಂಗ್ ಎಂದರೆ ಅರ್ಧ ಪೌಂಡ್. 1922ರಲ್ಲಿ ಪುರುಷ ವೃತ್ತಿಪರ ಆಟಗಾರನಿಗೆ ಆಟದ ಋತುವಿನಲ್ಲಿ ನಿಗದಿಯಾಗಿದ್ದ ಗರಿಷ್ಠ ವಾರದ ಸಂಬಳ ಎಂಟು ಪೌಂಡ್. ಉಳ್ಳವರ ಮನೆಯ ಮಕ್ಕಳು ಹವ್ಯಾಸಕ್ಕಾಗಿ ಆಡಬಲ್ಲರು. ದುಡಿಯುವವರ ಮಕ್ಕಳಿಗೆ ಆಟದ ಒಂದು ದಿನವೆಂದರೆ ಕೂಲಿಯ ಒಂದು ದಿನ ಹೋದಂತೆ. ಈ ವ್ಯತ್ಯಾಸವನ್ನು ಅಲ್ಲಗಳೆಯುವ ಯಾವ ಕ್ರೀಡಾನೀತಿಯೂ ಬಡವರ ಪರವಾಗಿರಲಾರದು.

ಆರೋಗ್ಯದ ಮಾತೂ ಬಂತು. ಈ ಆಟ ಸ್ತ್ರೀಯರ ಶರೀರಕ್ಕೆ ಹಾನಿಕರವೆಂದು ಲಂಡನ್ನಿನ ಹೆಸರಾಂತ ವೈದ್ಯೆ ಮೇರಿ ಶಾರ್ಲೀಬ್ ಅವರೂ ಸೇರಿದಂತೆ ಕೆಲವು ವೈದ್ಯರು ಹೇಳಿದರು. ಡಿಕ್, ಕರ್ ತಂಡದವರು ವೈದ್ಯರನ್ನೂ ಪತ್ರಕರ್ತರನ್ನೂ ಕರೆಸಿ ತಮ್ಮ ಆಟ ತೋರಿಸಿದರು. ಆಟ ನೋಡಿದ ವೈದ್ಯೆ ಮೇರಿ ಲೌರಿ, ಇಡೀ ದಿನ ಬಟ್ಟೆ ಒಗೆಯುವ ಕೆಲಸಕ್ಕಿಂತ ಇದರಲ್ಲಿ ಹೆಚ್ಚಿನ ಅಪಾಯವೇನೂ ಕಾಣಲಿಲ್ಲವೆಂದು ಅಭಿಪ್ರಾಯಪಟ್ಟರು. ಮದ್ದುಗುಂಡು ತುಂಬುವಾಗ ಯಾರಿಗೂ ನೆನಪಾಗದ ಸ್ತ್ರೀ ಶರೀರದ ಕೋಮಲತೆ ಚೆಂಡು ಒದೆಯುವಾಗ ಇದ್ದಕ್ಕಿದ್ದಂತೆ ನೆನಪಾದದ್ದು ವಿಪರ್ಯಾಸವಲ್ಲದೆ ಮತ್ತೇನು!

ಬಾಗಿಲು ಮುಚ್ಚಿದ ಮೇಲೆ

ನಿರ್ಣಯ ಹೊರಬಿದ್ದ ಕೆಲವೇ ದಿನಗಳಲ್ಲಿ ಮಹಿಳಾ ತಂಡಗಳು ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡವು. 1922ರಲ್ಲಿ ಒಂದು ಕಪ್ ಪಂದ್ಯಾವಳಿಯನ್ನೂ ನಡೆಸಿದವು. ಸ್ಟೋಕ್ ಪಟ್ಟಣದ ತಂಡ ಅದನ್ನು ಗೆದ್ದಿತು. ಅಷ್ಟಕ್ಕೇ ಆ ಪ್ರಯತ್ನ ನಿಂತಿತು. ಮೈದಾನವಿಲ್ಲದ ಸಂಘ ಹೊಲವಿಲ್ಲದ ರೈತನಂತೆ.

ಡಿಕ್, ಕರ್ ತಂಡ 1922ರಲ್ಲಿ ಉತ್ತರ ಅಮೆರಿಕಕ್ಕೆ ಹೊರಟಿತು. ಅಲ್ಲಿಯೂ ಅದೇ ಕಥೆ. ಕೆನಡಾದ ಫುಟ್‌ಬಾಲ್ ಸಂಸ್ಥೆ ಆಡಗೊಡಲಿಲ್ಲ. ಅಮೆರಿಕದಲ್ಲಿ ಮಹಿಳಾ ತಂಡಗಳಿರಲಿಲ್ಲವಾದ್ದರಿಂದ ಪುರುಷರ ತಂಡಗಳನ್ನೇ ಎದುರಿಸಿದರು. ಕೆಲವನ್ನು ಸೋತರು, ಕೆಲವನ್ನು ಗೆದ್ದೂ ಬಂದರು. 1926ರಲ್ಲಿ ಮತ್ತೊಂದು ಪೆಟ್ಟು ಬಿತ್ತು. ಡಿಕ್, ಕರ್ ಕಂಪನಿಯನ್ನು ಅಷ್ಟರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ತನ್ನೊಳಗೆ ಸೇರಿಸಿಕೊಂಡಿತ್ತು. ಹೊಸ ಆಡಳಿತಕ್ಕೂ ಫ್ರಾಂಕ್‌ಲ್ಯಾಂಡನಿಗೂ ಸರಿಹೋಗದೆ ಕಂಪನಿಯ ಆಸರೆ ತಪ್ಪಿತು. ತಂಡ ಪ್ರೆಸ್ಟನ್ ಲೇಡೀಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಹಲವು ಆಟಗಾರ್ತಿಯರು ಊರ ಸಮೀಪದ ವಿಟಿಂಗ್‌ಹ್ಯಾಮ್ ಮನೋರೋಗಿಗಳ ಆಸ್ಪತ್ರೆಯಲ್ಲಿ ದಾದಿಯರಾಗಿ ಸೇರಿಕೊಂಡರು. ಲಿಲಿ ಪಾರ್ ಕೂಡ ತನ್ನ ದುಡಿಮೆಯ ಬಹುಭಾಗವನ್ನು ಅಲ್ಲಿಯೇ ಕಳೆದಳು.

ಹೀಗೆ ಕಾರ್ಖಾನೆಯ ಬೆಂಬಲವೂ ದೊಡ್ಡ ಮೈದಾನವೂ ಇಲ್ಲದೆ ಈ ಕ್ಲಬ್ ಇನ್ನೂ ನಾಲ್ಕು ದಶಕ ಬದುಕಿತೆಂಬುದೇ ಆಶ್ಚರ್ಯ. ಪಾರ್ಕುಗಳಲ್ಲಿ, ಸಾರ್ವಜನಿಕ ಬಯಲುಗಳಲ್ಲಿ, ಊರ ಜಾತ್ರೆ ಉತ್ಸವಗಳಲ್ಲಿ ಎಲ್ಲಿ ಕರೆದರೆ ಅಲ್ಲಿ ಅವರು ಆಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮತ್ತೆ ತಂಡ ಕಟ್ಟಿದರು. ಎಫ್‌ಎ ಮಾತ್ರ ತನ್ನ ಹಠ ಬಿಡಲಿಲ್ಲ. ಮಹಿಳಾ ತಂಡವೊಂದಕ್ಕೆ ಮಾರ್ಗದರ್ಶನ ಮಾಡಿದನೆಂಬ ಕಾರಣಕ್ಕೆ 1947ರಲ್ಲಿ ಕೆಂಟ್ ಪ್ರಾಂತ್ಯದ ರೆಫರಿಯೊಬ್ಬನನ್ನು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಅಮಾನತು ಮಾಡಿತು. ಇಪ್ಪತ್ತಾರು ವರ್ಷಗಳ ಹಿಂದೆ ಒಂದು ಕಡತದಲ್ಲಿ ಬರೆದ ಸಾಲು ಆ ಹೊತ್ತಿಗೆ ಸಮಾಜದ ಸಹಜ ಅಭಿಪ್ರಾಯವೆಂಬ ವೇಷ ತೊಟ್ಟಿತ್ತು.

ಫ್ರಾಂಕ್‌ಲ್ಯಾಂಡ್ 1957ರಲ್ಲಿ ತೀರಿಕೊಂಡ. ಅದಕ್ಕೂ ಮೊದಲೇ ಹೊಣೆ ವಹಿಸಿಕೊಂಡಿದ್ದ ಕ್ಯಾಥ್ ಲ್ಯಾಥಮ್ ಎಂಬಾಕೆ ಕ್ಲಬ್ಬನ್ನು ಕೆಲವು ವರ್ಷ ನಡೆಸಿದರು. 1965ರಲ್ಲಿ ಆಟಗಾರ್ತಿಯರು ಸಾಕಷ್ಟು ಸಂಖ್ಯೆಯಲ್ಲಿ ಸಿಗದೆ ಕ್ಲಬ್ ಮುಚ್ಚಿತು. ಮೇಲ್ನೋಟಕ್ಕೆ ಇದು ಸಹಜ ಸಾವು: ಹುಡುಗಿಯರಿಗೆ ಆಸಕ್ತಿ ಇರಲಿಲ್ಲ, ಕ್ಲಬ್ ನಿಂತಿತು. ಆದರೆ ಶಾಲೆಯಲ್ಲಿ ಆಡಿಸದ, ಮೈದಾನದಲ್ಲಿ ಕಾಣದ, ಪತ್ರಿಕೆಯಲ್ಲಿ ಓದದ ಆಟದ ಮೇಲೆ ಯಾವ ಹುಡುಗಿಗೆ ಆಸಕ್ತಿ ಹುಟ್ಟೀತು? 1921ರಲ್ಲಿ ಒಳಹರಿವಿಗೆ ಒಡ್ಡು ಕಟ್ಟಿದ ಕೆರೆ 1965ರಲ್ಲಿ ಬತ್ತಿತು. ಒಡ್ಡು ಕಟ್ಟಿದವರಾರೂ ಆ ಹೊತ್ತಿಗೆ ಅಧಿಕಾರದಲ್ಲಿರಲಿಲ್ಲ. ಆದ್ದರಿಂದ ಯಾರೂ ಹೊಣೆಗಾರರಾಗಲಿಲ್ಲ.

ಕ್ಲಬ್ ಮುಚ್ಚಿದ ನಾಲ್ಕೇ ವರ್ಷಕ್ಕೆ, 1969ರಲ್ಲಿ, ಇಂಗ್ಲೆಂಡಿನಲ್ಲಿ ಮಹಿಳಾ ಫುಟ್‌ಬಾಲ್ ಸಂಘ ಹುಟ್ಟಿತು. 1971ರ ವೇಳೆಗೆ ನಿರ್ಬಂಧ ವಿಧಿವತ್ತಾಗಿ ತೆರವಾಯಿತು. ಒಂದು ಸಭೆಯಲ್ಲಿ ಅಂಗೀಕಾರವಾದ ನಿರ್ಣಯವನ್ನು ತೆಗೆದುಹಾಕಲು ಐವತ್ತು ವರ್ಷ ಬೇಕಾಯಿತು. ಅದಕ್ಕಾಗಿ ಎಫ್‌ಎ ಕ್ಷಮೆ ಕೇಳಿದ್ದು 2008ರಲ್ಲಿ. ಪ್ರೆಸ್ಟನ್ನಿನಲ್ಲೇ ಆಗ ಇದ್ದ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯವು 2002ರಲ್ಲಿ ತನ್ನ ಗೌರವ ಪಟ್ಟಿಗೆ ಸೇರಿಸಿದ ಮೊದಲ ಮಹಿಳೆ ಲಿಲಿ ಪಾರ್. ಆಕೆ ತೀರಿಕೊಂಡು ಆಗಲೇ ಇಪ್ಪತ್ತನಾಲ್ಕು ವರ್ಷಗಳಾಗಿದ್ದವು.

ಒಂದು ದೇಶದ ಮಾತಲ್ಲ

ಇದು ಇಂಗ್ಲೆಂಡಿನವರ ಹಳೆಯ ಮಡಿವಂತಿಕೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ಬ್ರೆಜಿಲ್ 1941ರಲ್ಲಿ ಸರ್ಕಾರಿ ಆಜ್ಞೆಯ ಮೂಲಕ ಮಹಿಳೆಯರ ಸ್ವಭಾವಕ್ಕೆ ಒಗ್ಗದ ಕ್ರೀಡೆಗಳನ್ನು ನಿಷೇಧಿಸಿತು. ಫುಟ್‌ಬಾಲನ್ನೇ ಉಸಿರಾಡುವ ಆ ದೇಶದಲ್ಲಿ ಹುಡುಗಿಯರ ಮೇಲಿನ ನಿರ್ಬಂಧ 1979ರವರೆಗೆ ಇತ್ತು. ಪಶ್ಚಿಮ ಜರ್ಮನಿಯ ಫುಟ್‌ಬಾಲ್ ಸಂಸ್ಥೆ 1955ರಲ್ಲಿ ಇಂಗ್ಲೆಂಡಿನ ದಾರಿಯನ್ನೇ ಹಿಡಿದು, ಮಹಿಳೆಯರಿಗೆ ಮೈದಾನ ಕೊಡದಂತೆ ತನ್ನ ಕ್ಲಬ್ಬುಗಳಿಗೆ ಸೂಚಿಸಿತು. ಅದನ್ನು ಹಿಂತೆಗೆದುಕೊಂಡದ್ದು 1970ರಲ್ಲಿ. ಮುಂದೆ 2003 ಮತ್ತು 2007ರಲ್ಲಿ ಅದೇ ಜರ್ಮನಿ ಮಹಿಳಾ ವಿಶ್ವಕಪ್ ಗೆದ್ದಿತೆಂಬುದನ್ನು ನೆನೆದರೆ, ಎಂಥ ಪ್ರತಿಭೆಯ ಮೇಲೆ ಆ ನಿರ್ಬಂಧ ಕುಳಿತಿತ್ತೆಂಬುದು ತಿಳಿಯುತ್ತದೆ.

ನಮ್ಮ ದೇಶದಲ್ಲಿ ಇಂಥ ನಿಷೇಧದ ನಿರ್ಣಯ ಆಗಲಿಲ್ಲ ನಿಜ. ಆದರೆ ಮೇಲಿನವರ ತೀರ್ಮಾನಕ್ಕೆ ಕೆಳಗೆ ಆಡುವವರು ಬೆಲೆ ತೆತ್ತ ಪ್ರಸಂಗ ನಮ್ಮಲ್ಲೂ ನಡೆದಿದೆ. 2022ರ ಆಗಸ್ಟ್‌ನಲ್ಲಿ ಭಾರತದ ಮಹಿಳಾ ಲೀಗ್ ಚಾಂಪಿಯನ್ ಆಗಿದ್ದ ಗೋಕುಲಂ ಕೇರಳ ತಂಡ ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿಗಾಗಿ ಉಜ್ಬೇಕಿಸ್ತಾನದ ತಾಷ್ಕೆಂಟ್ ತಲುಪಿತ್ತು. ಅದೇ ವೇಳೆಗೆ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪವಿದೆ ಎಂಬ ಕಾರಣ ನೀಡಿ ಫಿಫಾ ಭಾರತವನ್ನು ಅಮಾನತುಗೊಳಿಸಿತು. ಅಮಾನತು ಆ ತಿಂಗಳ 26ರಂದು ತೆರವಾಯಿತಾದರೂ ಅಷ್ಟರಲ್ಲಿ ಕಾಲ ಮಿಂಚಿತ್ತು. ಆಡಳಿತದ ಜಗಳದಲ್ಲಿ ಯಾವ ಪಾತ್ರವೂ ಇಲ್ಲದ ಆ ಹುಡುಗಿಯರು ಒಂದೂ ಪಂದ್ಯವಾಡದೆ ತಾಷ್ಕೆಂಟಿನಿಂದ ಹಿಂತಿರುಗಿದರು. ಪ್ರೆಸ್ಟನ್ನಿನ ಹುಡುಗಿಯರಿಗೂ ಇವರಿಗೂ ನೂರು ವರ್ಷಗಳ ಅಂತರವಿದೆ. ಆದರೆ ತೀರ್ಮಾನದ ಪರಿಣಾಮ ಯಾರ ಮೇಲೆ ಬೀಳುತ್ತದೆಯೋ ಅವರ ಮಾತಿಗೆ ತೀರ್ಮಾನದ ಮೇಜಿನಲ್ಲಿ ಜಾಗವಿಲ್ಲ ಎಂಬ ಅಂಶ ಎರಡಕ್ಕೂ ಸಮಾನ.

ಇದೇ ಹುಡುಗಿಯರಿಗೆ ಬಾಗಿಲು ತೆರೆದಾಗ ಏನಾಗುತ್ತದೆಂಬುದನ್ನೂ ಕಂಡಿದ್ದೇವೆ. ರಾಷ್ಟ್ರಮಟ್ಟದ ಮಹಿಳಾ ಲೀಗ್ ನಮ್ಮಲ್ಲಿ ಆರಂಭವಾದದ್ದು 2017ರ ಹೊತ್ತಿಗೆ ಮಾತ್ರ. 2025ರ ಜುಲೈನಲ್ಲಿ ಭಾರತದ ವನಿತೆಯರು ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ, 2026ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿದರು. ಇಂಗ್ಲೆಂಡಿನಲ್ಲಿ 2022ರ ಯೂರೋ ಫೈನಲ್ ನೋಡಲು ವೆಂಬ್ಲಿ ಕ್ರೀಡಾಂಗಣಕ್ಕೆ ಬಂದವರು 87,192 ಜನ. ಇನ್ನೂ ಅರ್ಥಪೂರ್ಣವಾದ ಸಂಗತಿಯೆಂದರೆ, 53,000 ಜನ ಸೇರಿದ್ದ ಆ ಗುಡಿಸನ್ ಪಾರ್ಕನ್ನು ಎವರ್ಟನ್ ಕ್ಲಬ್ಬಿನ ಪುರುಷರ ತಂಡ 2025ರಲ್ಲಿ ಬಿಟ್ಟು ಹೊಸ ಕ್ರೀಡಾಂಗಣಕ್ಕೆ ಹೋದಾಗ, ಅದನ್ನು ಕೆಡವದೆ ಮಹಿಳಾ ತಂಡದ ಸ್ವಂತ ಮೈದಾನವನ್ನಾಗಿ ಮಾಡಲಾಯಿತು.

ಆಡಳಿತಗಾರರಿಗೆ ಇದರಿಂದ ಕಲಿಯಲು ಮೂರು ಸಂಗತಿಗಳಿವೆ. ಮೊದಲನೆಯದು, ಮೈದಾನ ಎಂಬುದು ರಸ್ತೆ, ನೀರುಗಳಂತೆ ಮೂಲಸೌಕರ್ಯ. ಅದರ ಬಳಕೆಯ ಹಂಚಿಕೆಯೇ ಯಾರು ಆಡಬೇಕು ಎಂಬುದನ್ನು ನಿರ್ಧರಿಸುತ್ತದೆ. ಬಹುಮಾನ, ಸನ್ಮಾನ, ಯೋಜನೆಗಳ ಹೆಸರು ಇವೆಲ್ಲ ಅನಂತರದ ಮಾತು. ಎರಡನೆಯದು, ಒಂದು ವರ್ಗದವರ ಅವಕಾಶವನ್ನು ಮೊಟಕುಗೊಳಿಸುವ ಯಾವುದೇ ಆದೇಶ ಅವರ ಅಹವಾಲು ಕೇಳದೆ ಹೊರಡಬಾರದು. ಹೊರಟರೂ ಅದಕ್ಕೊಂದು ಕಾಲಮಿತಿ ಇರಬೇಕು. ಕಾಲಮಿತಿಯಿಲ್ಲದ ನಿರ್ಬಂಧ ತನ್ನನ್ನು ಬರೆದವರಿಗಿಂತ ಹೆಚ್ಚು ಕಾಲ ಬದುಕುತ್ತದೆ. ಮೂರನೆಯದು, ಬೇಡಿಕೆ ಇಲ್ಲವೆಂಬ ವರದಿ ಮೇಜಿನ ಮೇಲೆ ಬಂದಾಗ, ಬೇಡಿಕೆ ತೋರಿಸಲು ಅವಕಾಶವಿತ್ತೇ ಎಂಬ ಒಂದು ಪ್ರಶ್ನೆಯನ್ನು ಅದರ ಅಂಚಿನಲ್ಲಿ ಬರೆಯುವ ಅಭ್ಯಾಸ ಬೆಳೆಯಬೇಕು.

ನಮ್ಮ ಜಿಲ್ಲಾ, ತಾಲ್ಲೂಕು ಕ್ರೀಡಾಂಗಣಗಳು ಸಾರ್ವಜನಿಕರ ತೆರಿಗೆಯಿಂದ ಕಟ್ಟಿದಂಥವು. ವಾರದ ಯಾವ ದಿನ, ಯಾವ ಹೊತ್ತು, ಯಾವ ತಂಡಕ್ಕೆ ಅವು ದೊರೆಯುತ್ತವೆ ಎಂಬ ವೇಳಾಪಟ್ಟಿಯನ್ನು ಕ್ರೀಡಾಂಗಣದ ಬಾಗಿಲಲ್ಲೇ ಪ್ರಕಟಿಸಲು ಹೆಚ್ಚಿನ ಖರ್ಚೇನೂ ಬಾರದು. ಅದರಲ್ಲಿ ಸಂಜೆಯ ಒಳ್ಳೆಯ ವೇಳೆ ಹೆಣ್ಣುಮಕ್ಕಳ ಪಾಲಿಗೆ ಎಷ್ಟು ಬಂದಿದೆ ಎಂಬುದನ್ನು ಊರಿನವರೇ ಓದಿಕೊಳ್ಳಲಿ. ಪ್ರೇಕ್ಷಕರು ಬರುತ್ತಾರೋ ಇಲ್ಲವೋ ಎಂಬ ಪ್ರಶ್ನೆಯನ್ನು ಅನಂತರ ಕೇಳೋಣ. ಅದಕ್ಕೆ ಮೊದಲು ಕೀಲಿಕೈ ಯಾರ ಕೈಯಲ್ಲಿದೆ ಎಂಬುದು ತಿಳಿಯಬೇಕು.